ಬಲಿಷ್ಠರ ನೆರೆಯಲ್ಲಿ ನರಗುಂದ

ಗದಗ ಜಿಲ್ಲೆಯ ಉತ್ತರ ಭಾಗದಲ್ಲಿ ಕಣ್ಣು ಹಾಯುವವರೆಗೂ ಎರೆಭೂಮಿ ಹರಡಿಕೊಂಡಿದೆ. ಮುಂಗಾರು ಹಿಂಗಾರುಗಳ ಹದವನ್ನರಿತು ಜೋಳ, ಗೋದಿ, ಕಡಲೆ, ಹತ್ತಿಗಳನ್ನು ಬೆಳೆಯುವ ಈ ಬಯಲಿನ ನಡುವೆ ನರಗುಂದದ ಗುಡ್ಡವು ಒಂಟಿಯಾಗಿ ತಲೆಯೆತ್ತಿ ನಿಂತಿದೆ. ಬಯಲಿನ ಉತ್ತರಕ್ಕೆ ಮಲಪ್ರಭಾ ನದಿ ಹರಿಯುತ್ತದೆ. ಗುಡ್ಡದ ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ. ಅದರ ಬುಡದಲ್ಲಿ ನರಗುಂದ ಪಟ್ಟಣವಿದೆ. ಅದೇ ತಾಲ್ಲೂಕಿನಲ್ಲಿ ಚಿಕ್ಕನರಗುಂದವೆಂಬ ಹಳ್ಳಿಯೂ ಇದೆ. ದೊಡ್ಡ ಊರಿನ ಹೆಸರಿಗೆ 'ಚಿಕ್ಕ' ಎಂಬ ಮಾತನ್ನು ಸೇರಿಸಿಕೊಂಡ ಇಂತಹ ಹಳ್ಳಿಗಳು ನಮ್ಮ ನಾಡಿನಲ್ಲಿ ಹಲವು. ಚಿಕ್ಕನರಗುಂದದವರ ಪಾಲಿಗೆ ನರಗುಂದ ದೊಡ್ಡ ಊರು. ಆದರೆ ಆ ನರಗುಂದವೇ ಒಂದು ಕಾಲಕ್ಕೆ ತನಗಿಂತ ಎಷ್ಟೋ ಪಾಲು ಬಲಿಷ್ಠವಾದ ರಾಜ್ಯಗಳ ನಡುವೆ ಚಿಕ್ಕ ಸಂಸ್ಥಾನವಾಗಿ ಬಾಳಿತ್ತು.

ಮನುಷ್ಯನು ಮಿತ್ರರನ್ನು ಆರಿಸಿಕೊಳ್ಳಬಹುದು, ನೆರೆಯವರನ್ನು ಆರಿಸಿಕೊಳ್ಳಲಾರ. ರಾಜ್ಯಗಳ ಸ್ಥಿತಿಯೂ ಹಾಗೆಯೇ. ಮನೆಯನ್ನು ಮಾರಿ ಬೇರೆ ಕೇರಿಗೆ ಹೋಗುವುದಾದರೂ ಒಬ್ಬ ಗೃಹಸ್ಥನಿಗೆ ಸಾಧ್ಯ. ನೆಲದೊಡನೆ ಹುಟ್ಟಿ ನೆಲದೊಡನೆ ಬಾಳುವ ರಾಜ್ಯಕ್ಕೆ ಅದು ಸಾಧ್ಯವಿಲ್ಲ. ಆದುದರಿಂದ ಬಲಿಷ್ಠ ನೆರೆಯವನೊಡನೆ ಹೇಗೆ ಬಾಳಬೇಕೆಂಬುದು ಸಣ್ಣ ರಾಜ್ಯಗಳ ಮುಂದೆ ಎಂದೆಂದಿಗೂ ನಿಂತಿರುವ ಪ್ರಶ್ನೆ. ಈ ಪ್ರಶ್ನೆಗೆ ಮೂರು ಮುಖಗಳುಂಟು. ಯಾರ ಮೇಲಧಿಕಾರವನ್ನು ಒಪ್ಪಬೇಕು, ಎಷ್ಟು ಕಪ್ಪ ಕೊಡಬೇಕು ಎಂಬುದು ರಾಜಕೀಯ. ಬೆಳೆದ ಬೆಳೆ ಯಾವ ದಾರಿಯಿಂದ ಯಾವ ಪೇಟೆಗೆ ಹೋಗಬೇಕು, ಅದರ ಸುಂಕ ಯಾರಿಗೆ ಸಲ್ಲಬೇಕು ಎಂಬುದು ವ್ಯಾಪಾರ. ಆಪತ್ತು ಬಂದಾಗ ರಕ್ಷಿಸುವವರು ಯಾರು ಎಂಬುದು ಭದ್ರತೆ. ಈ ಮೂರೂ ಬೇರೆ ಬೇರೆಯಾಗಿ ಕಂಡರೂ ವಾಸ್ತವದಲ್ಲಿ ಒಂದೇ ಹಗ್ಗದ ಮೂರು ಎಳೆಗಳು. ನರಗುಂದದ ಚರಿತ್ರೆ ಇದನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ನರಗುಂದದ ಗುಡ್ಡದ ಮೇಲಿನ ಕೋಟೆಯನ್ನು 1674ರಲ್ಲಿ ಶಿವಾಜಿಯು ಕಟ್ಟಿಸಿದನೆಂದು ಪ್ರತೀತಿಯಿದೆ. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಭಾವೆ ಮನೆತನದವರು ನರಗುಂದವನ್ನೂ ಮಲಪ್ರಭೆಯ ದಡದ ರಾಮದುರ್ಗವನ್ನೂ ಆಳಿದರು. ಉತ್ತರದಲ್ಲಿ ಪುಣೆಯ ಪೇಶ್ವೆಯರು, ದಕ್ಷಿಣದಲ್ಲಿ ಮೈಸೂರು, ಪೂರ್ವದಲ್ಲಿ ಹೈದರಾಬಾದಿನ ನಿಜಾಮ—ಈ ಮೂರು ಶಕ್ತಿಗಳ ಗಡಿಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ನೆಲದಲ್ಲಿಯೇ ಒಂದನ್ನೊಂದು ತಾಗುತ್ತಿದ್ದವು. ಒಂದು ರಾಜ್ಯದ ಬಲ ಹೆಚ್ಚಿದಾಗ ಗಡಿ ಮುಂದಕ್ಕೆ ಸರಿಯುತ್ತಿತ್ತು. ಬಲ ಕುಗ್ಗಿದಾಗ ಹಿಂದಕ್ಕೆ ಸರಿಯುತ್ತಿತ್ತು. ನರಗುಂದ ಇದ್ದಲ್ಲಿಯೇ ಇರುತ್ತಿತ್ತು. ಅದರ ಒಡೆಯರು ಮಾತ್ರ ಬದಲಾಗುತ್ತಿದ್ದರು.

ಇಂತಹ ಸ್ಥಿತಿಯನ್ನು ನಮ್ಮ ಪ್ರಾಚೀನ ರಾಜನೀತಿಜ್ಞರು ಆಳವಾಗಿ ವಿಚಾರಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅವರಿಂದ ಸಂಪಾದಿತವಾಗಿ ಅಚ್ಚಾಯಿತು. ಆ ಗ್ರಂಥದ ಒಂದು ಭಾಗವು ದುರ್ಬಲ ರಾಜನ ಕರ್ತವ್ಯವನ್ನು ಕುರಿತದ್ದೇ ಆಗಿದೆ. ಎಲ್ಲ ಕಾಲದಲ್ಲಿಯೂ ತಲೆಬಾಗುವವನು ನೆಲೆಯಿಲ್ಲದೆ ಹತಾಶನಾಗಿ ಬಾಳುತ್ತಾನೆ. ಬಲವಿಲ್ಲದೆ ಯುದ್ಧಕ್ಕಿಳಿಯುವವನು ನಾಶವಾಗುತ್ತಾನೆ. ಆದುದರಿಂದ ಎರಡೂ ಸಲ್ಲದೆಂಬುದು ಕೌಟಿಲ್ಯನ ಅಭಿಪ್ರಾಯ. ಆಕ್ರಮಣಕಾರರಲ್ಲಿ ಅವನು ಮೂರು ಬಗೆಯವರನ್ನು ಗುರುತಿಸುತ್ತಾನೆ. ಶರಣಾಗತಿಯಿಂದಲೇ ತೃಪ್ತನಾಗುವವನು ಒಬ್ಬ. ನೆಲ ಮತ್ತು ಧನಗಳಿಂದ ತೃಪ್ತನಾಗುವವನು ಇನ್ನೊಬ್ಬ. ಎಲ್ಲವನ್ನೂ ಕಸಿದುಕೊಂಡ ಮೇಲೆ ಪ್ರಾಣವನ್ನೂ ಬಯಸುವವನು ಮೂರನೆಯವನು. ಎದುರಿಗಿರುವ ಬಲಿಷ್ಠನು ಈ ಮೂವರಲ್ಲಿ ಯಾರೆಂದು ಅರಿಯುವುದೇ ದುರ್ಬಲನ ಮೊದಲ ಕೆಲಸ. ಆದರೆ ಒಬ್ಬನೇ ನೆರೆಯವನು ಕಾಲ ಬದಲಾದಂತೆ ಒಂದು ಬಗೆಯಿಂದ ಮತ್ತೊಂದು ಬಗೆಗೆ ತಿರುಗಿದರೆ ಏನು ಮಾಡಬೇಕು? ನರಗುಂದವು ಎದುರಿಸಬೇಕಾದದ್ದು ಈ ಕಠಿಣ ಪ್ರಶ್ನೆಯನ್ನೇ.

ಪುಣೆಯಲ್ಲಿ ಪೇಶ್ವೆ ಪದವಿಗಾಗಿ ಒಳಜಗಳ ನಡೆದಾಗ ರಘುನಾಥರಾಯನು ಮೈಸೂರಿನ ಹೈದರಾಲಿಯ ಸಹಾಯವನ್ನು ಬಯಸಿದನು. ಹೈದರನು ಆ ಅವಕಾಶವನ್ನು ಬಳಸಿಕೊಂಡು 1776ರಿಂದ ಮೊದಲ್ಗೊಂಡು ಕೆಲವೇ ವರ್ಷಗಳಲ್ಲಿ ಕೃಷ್ಣಾನದಿಯವರೆಗಿನ ನೆಲವನ್ನು ತನ್ನ ಅಧೀನಕ್ಕೆ ತಂದುಕೊಂಡನು. ನರಗುಂದದ ಭಾವೆಯವರು ಅವನ ಮೇಲಧಿಕಾರವನ್ನು ಒಪ್ಪಿ ಕಪ್ಪ ಕೊಡತೊಡಗಿದರು. ಹೈದರನು ಕಪ್ಪದಿಂದ ತೃಪ್ತನಾಗಿ ಸಂಸ್ಥಾನವನ್ನು ಅವರಿಗೇ ಬಿಟ್ಟನು. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಪುಣೆಯೂ ಮೈಸೂರೂ ಒಂದಾದಾಗ, ಕೃಷ್ಣೆಯ ದಕ್ಷಿಣದ ನೆಲದ ಮೇಲೆ ಹೈದರನಿಗಿದ್ದ ಹಕ್ಕನ್ನು ಪುಣೆಯವರೂ ಒಪ್ಪಿಕೊಂಡರು. ಈ ಕರಾರಿನಲ್ಲಿ ನರಗುಂದದ ಭವಿಷ್ಯವೂ ಅಡಗಿತ್ತು. ಆದರೆ ಅದನ್ನು ಬರೆದವರು ದೊಡ್ಡ ರಾಜ್ಯಗಳವರು. ತನ್ನ ನೆಲವು ಯಾರಿಗೆ ಸೇರಬೇಕೆಂಬ ನಿರ್ಣಯದಲ್ಲಿ ಸಣ್ಣ ಸಂಸ್ಥಾನಕ್ಕೆ ಮಾತಿನ ಹಕ್ಕಿರಲಿಲ್ಲ.

ಹೈದರಾಲಿಯು 1782ರಲ್ಲಿ ತೀರಿಕೊಂಡನು. ಅವನ ಮಗ ಟಿಪ್ಪು ಸುಲ್ತಾನನು ಯುದ್ಧವನ್ನು ಮುಂದುವರಿಸಿ 1784ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ದೀರ್ಘ ಯುದ್ಧದಿಂದ ಮೈಸೂರಿನ ಬೊಕ್ಕಸ ಬರಿದಾಗಿತ್ತು. ಇಂಗ್ಲಿಷರು ಮತ್ತೊಮ್ಮೆ ಯುದ್ಧಕ್ಕೆ ಬರುವರೆಂಬ ನಿರೀಕ್ಷೆಯೂ ಇತ್ತು. ಅಂತಹ ಸಮಯದಲ್ಲಿ ಉತ್ತರದ ಗಡಿಯಲ್ಲಿ ಸಂದಿಗ್ಧ ನಿಷ್ಠೆಯ ಕೋಟೆಯೊಂದು ಇರುವುದು ಟಿಪ್ಪುವಿಗೆ ಹಿತವೆನಿಸಲಿಲ್ಲ. ಅವನು ನರಗುಂದದಿಂದ ಹಿಂದಿಗಿಂತ ಹೆಚ್ಚಿನ ಕಪ್ಪವನ್ನು ಕೇಳಿದನು. ಆಗ ನರಗುಂದವನ್ನು ಆಳುತ್ತಿದ್ದವನು ವೆಂಕಟರಾವ್ ಭಾವೆ. ಅವನ ದಿವಾನ ಕಾಳೋಪಂತ ಪೇಠೆ. ಅವರು ಹೆಚ್ಚಿನ ಕಪ್ಪವನ್ನು ನಿರಾಕರಿಸಿ ಪುಣೆಯ ನಾನಾ ಫಡ್ನವೀಸನ ಆಶ್ರಯವನ್ನು ಬೇಡಿದರು.

ಎರಡು ಪಕ್ಷಗಳ ವಾದವೂ ಗಮನಾರ್ಹವಾಗಿದೆ. ನೆಲದ ಮೇಲಧಿಕಾರವು ಒಬ್ಬರಿಂದ ಒಬ್ಬರಿಗೆ ಹೋದರೂ ಹಿಂದಿನಿಂದ ನಡೆದುಬಂದ ಸಂಸ್ಥಾನಿಕರ ಹಕ್ಕುಗಳು ಉಳಿಯಬೇಕು, ರೂಢಿಯ ಕಪ್ಪಕ್ಕಿಂತ ಹೆಚ್ಚನ್ನು ಕೇಳಬಾರದು ಎಂದು ಪುಣೆಯವರು ವಾದಿಸಿದರು. ತನ್ನ ಅಧೀನದಲ್ಲಿರುವವರಿಂದ ಎಷ್ಟು ಪಡೆಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ತನ್ನದೇ ಎಂದು ಟಿಪ್ಪು ಹೇಳಿದನು. ರೂಢಿಯು ದೊಡ್ಡದೋ, ಒಡೆತನವು ದೊಡ್ಡದೋ ಎಂಬ ಈ ಜಿಜ್ಞಾಸೆಯನ್ನು ಬಗೆಹರಿಸಲು ಆ ಕಾಲದಲ್ಲಿ ಯಾವ ನ್ಯಾಯಪೀಠವೂ ಇರಲಿಲ್ಲ. ಎರಡು ರಾಜ್ಯಗಳ ನಡುವೆ ವಾದ ಮುಗಿದಲ್ಲಿ ತೋಪು ಮಾತನಾಡುತ್ತಿತ್ತು.

1785ರಲ್ಲಿ ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನನ ನೇತೃತ್ವದಲ್ಲಿ ಮೈಸೂರಿನ ಸೈನ್ಯವು ನರಗುಂದವನ್ನು ಮುತ್ತಿತು. ಗುಡ್ಡದ ಮೇಲಿನ ಕೋಟೆ ಬಲವಾಗಿತ್ತು. ಅದು ಬಿಸಿಲ ಕಾಲ. ಬಯಲಿನಲ್ಲಿ ಬೀಡುಬಿಟ್ಟ ಸೈನ್ಯಕ್ಕೆ ನೀರಿನ ಅಭಾವ ತಲೆದೋರಿ ಮುತ್ತಿಗೆಯು ಸ್ವಲ್ಪ ಕಾಲ ಸಡಿಲವಾಯಿತು. ಅಷ್ಟರಲ್ಲಿ ಗಣೇಶಪಂತ ಬೆಹರೆ ಮತ್ತು ಪರಶುರಾಮಭಾವು ಪಟವರ್ಧನರ ಮುಂದಾಳುತನದಲ್ಲಿ ಪುಣೆಯ ಸೈನ್ಯವು ಸಹಾಯಕ್ಕೆ ಬಂದಿತು. ನರಗುಂದದವರ ಭರವಸೆ ಚಿಗುರಿತು. ಆದರೆ ಪುಣೆಯವರಿಗೆ ಮೈಸೂರಿನಿಂದ ಬರಬೇಕಾದ ಕಪ್ಪದ ಬಾಕಿಯಿತ್ತು. ಎರಡು ವರ್ಷದ ಬಾಕಿಯನ್ನು ಕೊಡುವುದಾಗಿ ಮೈಸೂರಿನ ವಕೀಲರು ಮಾತು ಕೊಟ್ಟರು. ಪುಣೆಯು ಅದನ್ನು ನಂಬಿತು, ಸೈನ್ಯವು ಹಿಂದಿರುಗಿತು. ಮುತ್ತಿಗೆ ಮತ್ತೆ ಬಿಗಿಯಾಯಿತು. ಒಂಟಿಯಾದ ನರಗುಂದವು ಆ ವರ್ಷದ ಮಳೆಗಾಲದಲ್ಲಿ ಶರಣಾಯಿತು. ಪ್ರಾಣಮಾನಗಳಿಗೆ ಅಭಯವಿತ್ತಿದ್ದರೂ ವೆಂಕಟರಾವ್ ಮತ್ತು ಕಾಳೋಪಂತರು ಸೆರೆಯಾಳುಗಳಾಗಿ ದೂರದ ಮೈಸೂರು ಸೀಮೆಗೆ ಒಯ್ಯಲ್ಪಟ್ಟರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನರಗುಂದದ ಕೋಟೆ ಬಿದ್ದದ್ದು ಗೋಡೆಗಳು ದುರ್ಬಲವಾಗಿದ್ದುದರಿಂದಲ್ಲ. ರಕ್ಷಕನೆಂದು ನಂಬಿದವನ ಹಿತವು ತನ್ನ ಹಿತದಿಂದ ಬೇರೆಯಾದ ಗಳಿಗೆಯಲ್ಲಿ ಅದು ಬಿದ್ದಿತು. ನರಗುಂದಕ್ಕೆ ತನ್ನ ಉಳಿವು ಸರ್ವಸ್ವವಾಗಿತ್ತು. ಪುಣೆಗೆ ಅದು ದೊಡ್ಡ ಲೆಕ್ಕದೊಳಗಿನ ಒಂದು ಬಾಬು ಮಾತ್ರವಾಗಿತ್ತು. ದೂರದ ಬಲಿಷ್ಠನ ಆಶ್ವಾಸನೆಯನ್ನು ನೆಚ್ಚಿ ಸಮೀಪದ ಬಲಿಷ್ಠನನ್ನು ಎದುರಿಸುವ ಸಣ್ಣ ರಾಜ್ಯಕ್ಕೆ ಈ ಅಪಾಯ ಯಾವಾಗಲೂ ಇದ್ದೇ ಇರುತ್ತದೆ.

ನರಗುಂದದ ಪತನವು ಪುಣೆಯ ಪ್ರತಿಷ್ಠೆಗೆ ಏಟಾಯಿತು. ಮರುವರ್ಷವೇ ಮರಾಠರೂ ನಿಜಾಮನೂ ಕೂಡಿ ಮೈಸೂರಿನ ಮೇಲೆ ಯುದ್ಧ ಹೂಡಿದರು. ಬಾದಾಮಿ, ಗಜೇಂದ್ರಗಡಗಳು ಮರಾಠರ ಕೈಸೇರಿದವು. ಟಿಪ್ಪುವು ತುಂಗಭದ್ರೆಯನ್ನು ದಾಟಿ ಬಂದು ಸಮರ್ಥವಾಗಿ ಹೋರಾಡಿದನು. ಕೊನೆಗೆ 1787ರಲ್ಲಿ ಗಜೇಂದ್ರಗಡದಲ್ಲಿ ಸಂಧಿಯಾಯಿತು. ಟಿಪ್ಪುವು 48 ಲಕ್ಷ ರೂಪಾಯಿ ಕೊಡಲೂ ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಡಲೂ ಒಪ್ಪಿದನು. ಆದವಾನಿಯು ನಿಜಾಮನಿಗೆ ಮರಳಿತು. ನರಗುಂದದ ಸಲುವಾಗಿ ಹೊತ್ತಿಕೊಂಡ ಕಿಡಿಯು ದಕ್ಷಿಣ ಭಾರತದ ಮೂರು ದೊಡ್ಡ ರಾಜ್ಯಗಳನ್ನು ಯುದ್ಧಕ್ಕೆಳೆದಿತ್ತು. ಆ ಯುದ್ಧದ ಒಪ್ಪಂದವು ನರಗುಂದಕ್ಕೆ ಅನತಿದೂರದ ಕೋಟೆಯ ನೆರಳಿನಲ್ಲಿಯೇ ಬರೆಯಲ್ಪಟ್ಟಿತು.

ರಾಜರ ಲಾಭನಷ್ಟಗಳನ್ನು ಚರಿತ್ರೆಯ ಪುಟಗಳು ಬರೆದಿಡುತ್ತವೆ. ಚಿಕ್ಕನರಗುಂದದಂತಹ ಹಳ್ಳಿಗಳ ಲೆಕ್ಕ ಬೇರೆಯದು. ಕಪ್ಪವೆಂಬುದು ಅರಮನೆಯಲ್ಲಿ ಹುಟ್ಟುವ ಧನವಲ್ಲ. ಒಡೆಯನು ಕಪ್ಪವನ್ನು ಹೆಚ್ಚಿಸಿದರೆ ಅದರ ಭಾರ ಕೊನೆಗೆ ಒಕ್ಕಲಿಗನ ಕಣದ ಮೇಲೆ ಬೀಳುತ್ತದೆ. ಸೈನ್ಯವು ಹಾದುಹೋದ ದಾರಿಯಲ್ಲಿ ಜೋಳದ ಕಣಿಕೆ ಕುದುರೆಗಳಿಗೆ ಮೇವಾಗುತ್ತದೆ, ಬಾವಿಗಳು ಬತ್ತುತ್ತವೆ, ಎತ್ತುಗಳು ಬಂಡಿಗಳೊಡನೆ ಬಿಟ್ಟಿಗೆ ಹೋಗುತ್ತವೆ. ಶಾಂತಿಕಾಲದಲ್ಲಿ ಕರಾವಳಿಯ ಉಪ್ಪನ್ನು ಬಯಲಿಗೂ ಬಯಲಿನ ಧಾನ್ಯವನ್ನು ಇತರ ಸೀಮೆಗಳಿಗೂ ಎತ್ತಿನ ಹೇರುಗಳ ಮೇಲೆ ಸಾಗಿಸುತ್ತಿದ್ದ ಲಂಬಾಣಿಗಳು ಯುದ್ಧಕಾಲದಲ್ಲಿ ದಂಡುಗಳಿಗೆ ಧಾನ್ಯ ಒದಗಿಸಲು ಹೋಗುತ್ತಿದ್ದರು. ಹಳ್ಳಿಯ ಸಂತೆಗೆ ಬರಬೇಕಾದ ಉಪ್ಪು ಬರುತ್ತಿರಲಿಲ್ಲ. ಗಡಿಯು ಸರಿದಾಗಲೆಲ್ಲ ಸುಂಕದ ಕಟ್ಟೆಗಳೂ ಸರಿಯುತ್ತಿದ್ದವು. ವ್ಯಾಪಾರವನ್ನು ಆಯುಧವನ್ನಾಗಿ ಬಳಸುವ ಪದ್ಧತಿಯೂ ಆಗಲೇ ಇತ್ತು. ಟಿಪ್ಪುವು ಮೆಣಸು, ಶ್ರೀಗಂಧ, ಏಲಕ್ಕಿಗಳು ಇಂಗ್ಲಿಷರ ಕೈಸೇರದಂತೆ ತಡೆಯೊಡ್ಡಿ, ಮಸ್ಕತ್ತಿನಲ್ಲಿಯೂ ಕಚ್ಛ್ ಪ್ರಾಂತದಲ್ಲಿಯೂ ತನ್ನದೇ ವ್ಯಾಪಾರದ ಕೋಠಿಗಳನ್ನು ತೆರೆದನು. ವ್ಯಾಪಾರವನ್ನು ಕಂಪನಿಗೆ ಒಪ್ಪಿಸಿದವನು ರಾಜ್ಯವನ್ನೂ ಒಪ್ಪಿಸಬೇಕಾದೀತೆಂಬುದನ್ನು ಅವನು ಬಹುಬೇಗ ಕಂಡುಕೊಂಡಿದ್ದನು.

ಆ ದೂರದೃಷ್ಟಿ ಎಷ್ಟು ನಿಜವೆಂಬುದು ಮುಂದಿನ ಅರ್ಧ ಶತಮಾನದಲ್ಲಿ ಸಿದ್ಧವಾಯಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. 1818ರಲ್ಲಿ ಪೇಶ್ವೆಯ ಅಧಿಕಾರವೂ ಕೊನೆಗೊಂಡಿತು. ಥಾಮಸ್ ಮನ್ರೋ ಧಾರವಾಡದಿಂದ ಹೊರಟು ಗದಗ, ಡಂಬಳ, ಬಾದಾಮಿ, ಬೆಳಗಾವಿಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಇಬ್ಬರು ಬಲಿಷ್ಠರ ನಡುವೆ ತೂಗಾಡುತ್ತ, ಒಬ್ಬನ ಭಯವನ್ನು ಇನ್ನೊಬ್ಬನ ಆಸರೆಯಿಂದ ಕಳೆದುಕೊಳ್ಳುತ್ತಿದ್ದ ನರಗುಂದಕ್ಕೆ ಈಗ ಒಬ್ಬನೇ ನೆರೆಯವನು ಉಳಿದನು. ಸುತ್ತಲೂ ಕಂಪನಿಯ ಸೀಮೆ, ನಡುವೆ ನರಗುಂದ. ಗಡಿಯ ಯುದ್ಧಗಳು ನಿಂತವು. ಅದರ ಜೊತೆಗೆ ಆಯ್ಕೆಯೂ ಇಲ್ಲವಾಯಿತು.

ಕಂಪನಿಯ ಹಿಡಿತವು ಮೊದಲು ಕಾಣಿಸಿಕೊಂಡದ್ದು ಕತ್ತಿಯಲ್ಲಲ್ಲ, ತಕ್ಕಡಿಯಲ್ಲಿ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು. ಧಾರವಾಡ ಸೀಮೆಯ ಎರೆಭೂಮಿ ಹತ್ತಿಗೆ ಹೇಳಿಮಾಡಿಸಿದ ನೆಲವಾಗಿತ್ತು. 1840ರ ದಶಕದಲ್ಲಿ ಕಂಪನಿಯ ಅಧಿಕಾರಿಗಳು ಅಮೆರಿಕದ ತಳಿಯ ಬೀಜವನ್ನು ಇಲ್ಲಿ ಬಿತ್ತಿಸಿದರು; ಅದರಿಂದ ಬೆಳೆದ ಹತ್ತಿಯು 'ಧಾರವಾಡ–ಅಮೆರಿಕನ್' ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. ನಾಟಿ ತಳಿಯ ಹತ್ತಿಯು ಘಟ್ಟವನ್ನಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹಡಗೇರುತ್ತಿದ್ದುದರಿಂದ ಅದಕ್ಕೆ 'ಕುಮಟಾ' ಎಂಬ ಹೆಸರೇ ನಿಂತಿತು. ಬೆಳೆದದ್ದು ಬಯಲುಸೀಮೆಯ ಒಕ್ಕಲಿಗ; ಹೆಸರು ಪಡೆದದ್ದು ಬಂದರು; ಬೆಲೆ ಕಟ್ಟಿದ್ದು ಸಮುದ್ರದಾಚೆಯ ಪೇಟೆ. ಇಲ್ಲಿಂದ ಅರಳೆಯಾಗಿ ಹೋದದ್ದು ಬಟ್ಟೆಯಾಗಿ ಹಿಂದಿರುಗಿ ಕೈಮಗ್ಗದ ನೇಕಾರನಿಗೆ ಪ್ರತಿಸ್ಪರ್ಧಿಯಾಯಿತು. ದಾರಿಗಳು ಸುಧಾರಿಸಿದವು, ಹಣದ ಓಡಾಟ ಹೆಚ್ಚಿತು ಎಂಬುದು ಸತ್ಯ. ಆದರೆ ಯಾವುದನ್ನು ಎಷ್ಟು ಬೆಲೆಗೆ ಮಾರಬೇಕೆಂಬ ನಿರ್ಣಯವು ಬೆಳೆಯುವವರ ಕೈಯಲ್ಲಿಯೂ ಇರಲಿಲ್ಲ, ಅವರ ಅರಸನ ಕೈಯಲ್ಲಿಯೂ ಇರಲಿಲ್ಲ ಎಂಬುದೂ ಅಷ್ಟೇ ಸತ್ಯ.

ಎರಡನೆಯ ಎಳೆ ರಾಜಕೀಯದ್ದು. ಸಂತಾನವಿಲ್ಲದ ಸಂಸ್ಥಾನಿಕನು ದತ್ತು ಸ್ವೀಕರಿಸುವುದು ಈ ನಾಡಿನ ಹಿಂದಿನ ರೂಢಿ. ಕಂಪನಿಯು ಅದನ್ನು ತನ್ನ ಅನುಮತಿಗೆ ಒಳಪಟ್ಟ ವಿಷಯವೆಂದು ಪರಿಗಣಿಸಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪದಿದ್ದಾಗ ರಾಣಿ ಚೆನ್ನಮ್ಮ ಹೋರಾಡಿದಳು. ಮೊದಲು ಗೆದ್ದರೂ ಅದೇ ವರ್ಷದ ಕೊನೆಗೆ ಕೋಟೆ ಬಿದ್ದಿತು. 1848ರಲ್ಲಿ ಸಾತಾರೆ, 1854ರಲ್ಲಿ ಝಾನ್ಸಿ ಮತ್ತು ನಾಗಪುರಗಳು ಇದೇ ನೆಪದಿಂದ ಕಂಪನಿಯ ವಶವಾದವು. ಇನಾಮು ಭೂಮಿಗಳ ದಾಖಲೆಗಳನ್ನು ಪರೀಕ್ಷಿಸುವ ಆಯೋಗವು ಅನೇಕ ಮನೆತನಗಳ ಹಕ್ಕುಗಳನ್ನು ಕಿತ್ತುಕೊಂಡಿತು. ನರಗುಂದದ ದೊರೆ ಭಾಸ್ಕರರಾವ್—ಜನರ ಬಾಯಲ್ಲಿ ಬಾಬಾಸಾಹೇಬ—ವಿದ್ಯಾಪ್ರಿಯನಾಗಿದ್ದನು. ಅವನ ಗ್ರಂಥಭಂಡಾರವು ಹೆಸರುವಾಸಿಯಾಗಿತ್ತು. ಅವನಿಗೂ ಗಂಡು ಸಂತಾನ ಉಳಿಯಲಿಲ್ಲ. ದತ್ತು ಸ್ವೀಕರಿಸಲು ಅವನು ಕೇಳಿದ ಅನುಮತಿಯನ್ನು ಕಂಪನಿಯು ನಿರಾಕರಿಸಿತು. ಅಂದರೆ ಅವನ ಕಣ್ಣೆದುರಿಗೇ ಅವನ ಸಂಸ್ಥಾನದ ಕೊನೆಯ ದಿನವು ನಿಶ್ಚಿತವಾಯಿತು.

ಮೂರನೆಯ ಎಳೆ ಭದ್ರತೆಯದು. 1857ರಲ್ಲಿ ಉತ್ತರ ಭಾರತದಲ್ಲಿ ಕ್ರಾಂತಿಯ ಕಿಚ್ಚು ಹಬ್ಬಿದಾಗ ಕಂಪನಿಯು ಈ ಭಾಗದ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾನೂನನ್ನು ಜಾರಿಗೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲೊಲ್ಲದೆ ಹೋರಾಡಿ ಮಡಿದರು. ತೋಪು ಮತ್ತು ಮದ್ದುಗುಂಡುಗಳನ್ನು ಒಪ್ಪಿಸಬೇಕೆಂಬ ಒತ್ತಡ ನರಗುಂದಕ್ಕೂ ಬಂದಿತು. ವ್ಯಾಪಾರವು ಮೊದಲೇ ಕೈತಪ್ಪಿತ್ತು, ಉತ್ತರಾಧಿಕಾರವೂ ಕೈತಪ್ಪಿತು, ಈಗ ಕೋಟೆಯ ಕಾವಲೂ ಕೈತಪ್ಪುವ ಹೊತ್ತು ಬಂದಿತು.

1858ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾವ್ ಮತ್ತು ಹಮ್ಮಿಗೆಯ ಕೆಂಚನಗೌಡರು ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದರು. ಬಾಬಾಸಾಹೇಬನೂ ಕಂಪನಿಯ ವಿರುದ್ಧ ನಿಂತನು. ಕಂಪನಿಯ ರಾಜಕೀಯ ಪ್ರತಿನಿಧಿಯಾದ ಚಾರ್ಲ್ಸ್ ಮ್ಯಾನ್‌ಸನ್ ಸಣ್ಣ ಕಾವಲಿನೊಡನೆ ರಾಮದುರ್ಗದ ಕಡೆಯಿಂದ ನರಗುಂದದತ್ತ ಹೊರಟು ಸುರೇಬಾನದಲ್ಲಿ ತಂಗಿದ್ದಾಗ, ಮೇ 29ರ ರಾತ್ರಿ ನರಗುಂದದವರು ಅವನ ಮೇಲೆ ಬಿದ್ದು ಅವನನ್ನು ಕೊಂದರು. ಧಾರವಾಡದಿಂದ ಬಂದ ಕಂಪನಿಯ ಸೈನ್ಯವು ಜೂನ್ 1ರಂದು ನರಗುಂದದವರನ್ನು ಸೋಲಿಸಿ ಮರುದಿನ ಕೋಟೆಯನ್ನು ವಶಪಡಿಸಿಕೊಂಡಿತು. ಅದೇ ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾವ್ ಮತ್ತು ಕೆಂಚನಗೌಡರು ಹೋರಾಡಿ ಮಡಿದರು. ತೊರಗಲ್ಲಿನ ಸಮೀಪದ ಕಾಡಿನಲ್ಲಿ ಬಾಬಾಸಾಹೇಬನು ಸೆರೆಸಿಕ್ಕನು. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನ ತಾಯಿಯೂ ಮಡದಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ನರಗುಂದವು ಕಂಪನಿಯ ಸೀಮೆಯಲ್ಲಿ ವಿಲೀನವಾಯಿತು.

ಅದೇ ಭಾವೆ ಮನೆತನದ ಇನ್ನೊಂದು ಕವಲಾದ ರಾಮದುರ್ಗವು ಬಂಡಾಯಕ್ಕೆ ಸೇರಲಿಲ್ಲ. ಅದು ಕಂಪನಿಗೂ ಅನಂತರ ಬ್ರಿಟಿಷ್ ಸರ್ಕಾರಕ್ಕೂ ಅಧೀನವಾಗಿ ನಡೆದುಕೊಂಡು, 1948ರಲ್ಲಿ ಸ್ವತಂತ್ರ ಭಾರತದಲ್ಲಿ ವಿಲೀನವಾಗುವವರೆಗೂ ಸಂಸ್ಥಾನವಾಗಿಯೇ ಉಳಿಯಿತು. ಒಂದೇ ಮನೆಯ ಎರಡು ಸಂಸ್ಥಾನಗಳಲ್ಲಿ ಒಂದು ಎದುರಿಸಿ ಅಳಿಯಿತು, ಇನ್ನೊಂದು ಬಾಗಿ ಉಳಿಯಿತು. ಇವೆರಡರಲ್ಲಿ ಯಾವುದು ಸರಿಯೆಂದು ಸುಲಭವಾಗಿ ಹೇಳುವಂತಿಲ್ಲ. ನರಗುಂದವು ಗೌರವವನ್ನು ಉಳಿಸಿಕೊಂಡು ರಾಜ್ಯವನ್ನು ಕಳೆದುಕೊಂಡಿತು. ರಾಮದುರ್ಗವು ರಾಜ್ಯವನ್ನು ಉಳಿಸಿಕೊಂಡಿತು. ಆದರೆ ಅದರ ಮುಖ್ಯ ನಿರ್ಣಯಗಳು ಮೇಲಧಿಕಾರಿಗಳ ಒಪ್ಪಿಗೆಯನ್ನು ಕಾಯಬೇಕಾಗಿದ್ದವು. ಎರಡು ದಾರಿಗಳನ್ನು ಬಿಟ್ಟು ಮೂರನೆಯದೊಂದು ದಾರಿ—ಸಮಾನನಾಗಿ ಕುಳಿತು ಮಾತನಾಡಿ ನ್ಯಾಯ ಪಡೆಯುವ ದಾರಿ—ಅವರಿಗೆ ತೆರೆದಿರಲಿಲ್ಲ. ಆ ಕಾಲದ ನಿಜವಾದ ದುರಂತ ಇದೇ.

ಆ ಮೂರನೆಯ ದಾರಿಯನ್ನು ನಿರ್ಮಿಸಲು ಜಗತ್ತು ಎರಡು ಮಹಾಯುದ್ಧಗಳ ಬೆಲೆ ತೆತ್ತಿತು. 1945ರಲ್ಲಿ ಸ್ಥಾಪಿತವಾದ ವಿಶ್ವಸಂಸ್ಥೆಯ ಸನ್ನದು ಎಲ್ಲ ಸದಸ್ಯ ರಾಷ್ಟ್ರಗಳೂ ಸಾರ್ವಭೌಮತ್ವದಲ್ಲಿ ಸಮಾನವೆಂದು ಸಾರಿದೆ. ಅದರ ಮಹಾಸಭೆಯಲ್ಲಿ ರಾಷ್ಟ್ರವು ಹಿರಿದಾಗಲಿ ಕಿರಿದಾಗಲಿ ಮತವೊಂದೇ. ಆದರೂ ಬಲದ ಅಂತರವು ಭೂಮಿಯಿಂದ ಅಳಿದುಹೋಗಿಲ್ಲ. ಹಿಂದೆ ಬಲಿಷ್ಠರ ನೆರೆಯಲ್ಲಿ ನೊಂದ ನಮ್ಮ ದೇಶವೇ ಇಂದು ಕೆಲವು ಸಣ್ಣ ರಾಷ್ಟ್ರಗಳಿಗೆ ಬಲಿಷ್ಠ ನೆರೆಯಾಗಿದೆ. ನೇಪಾಳಕ್ಕೆ ಸಮುದ್ರವಿಲ್ಲ, ಅದರ ಸರಕು ಬಹುಮಟ್ಟಿಗೆ ಭಾರತದ ಬಂದರು ಮತ್ತು ದಾರಿಗಳ ಮೂಲಕವೇ ಸಾಗಬೇಕು. 1989ರಲ್ಲಿ ಎರಡು ದೇಶಗಳ ವ್ಯಾಪಾರ ಮತ್ತು ಸಾಗಣೆಯ ಒಪ್ಪಂದಗಳ ಅವಧಿ ಮುಗಿದು, ರಾಜಕೀಯ ಮತ್ತು ರಕ್ಷಣೆಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬೆಳೆದಾಗ, ಗಡಿಯ ಬಹುಪಾಲು ದಾರಿಗಳು ಮುಚ್ಚಿದವು. ನೇಪಾಳದ ಮನೆಗಳಲ್ಲಿ ಸೀಮೆಎಣ್ಣೆಗೆ ಅಭಾವವಾಯಿತು. 1990ರಲ್ಲಿ ಮಾತುಕತೆ ನಡೆದು ದಾರಿಗಳು ಮತ್ತೆ ತೆರೆದವು. ರಾಜಕೀಯ, ವ್ಯಾಪಾರ, ಭದ್ರತೆಗಳೆಂಬ ಮೂರು ಎಳೆಗಳು ಇಂದಿಗೂ ಒಂದೇ ಹಗ್ಗದವು ಎಂಬುದಕ್ಕೆ ಇದು ನಿದರ್ಶನ. ಬಲಿಷ್ಠನ ಕೈಯಲ್ಲಿ ಆ ಹಗ್ಗವು ಸಣ್ಣವನನ್ನು ಕಟ್ಟಿಹಾಕುವ ಪಾಶವೂ ಆಗಬಹುದು, ಇಬ್ಬರನ್ನೂ ಬೆಸೆಯುವ ಬಂಧವೂ ಆಗಬಹುದು.

ನರಗುಂದದ ಬಯಲು ಇಂದು ಮತ್ತೊಂದು ನೆರೆಹೊರೆಯ ವಿವಾದದಲ್ಲಿ ಸೇರಿಕೊಂಡಿದೆ. ಮಹದಾಯಿ ನದಿಯು ಕರ್ನಾಟಕದಲ್ಲಿ ಹುಟ್ಟಿ ಗೋವೆಯ ಮೂಲಕ ಸಮುದ್ರ ಸೇರುತ್ತದೆ. ಅದರ ಉಪನದಿಗಳಾದ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಈ ಭಾಗದ ಜನರ ಬೇಡಿಕೆ. 2015ರಲ್ಲಿ ನರಗುಂದದ ರೈತರು ಇದಕ್ಕಾಗಿ ದೀರ್ಘ ಧರಣಿಯನ್ನು ಆರಂಭಿಸಿದರು. ನೀರು ಕಡಮೆಯಾದರೆ ತನ್ನ ಜನಜೀವನಕ್ಕೂ ಕಾಡುಗಳಿಗೂ ಹಾನಿಯೆಂಬುದು ಗೋವೆಯ ಆತಂಕ. ಇಲ್ಲಿ ದೊಡ್ಡ ರಾಜ್ಯ ಕರ್ನಾಟಕ, ಸಣ್ಣ ರಾಜ್ಯ ಗೋವೆ. ಆದರೆ ಈ ವಿವಾದವನ್ನು ವಿಚಾರಿಸಿದ್ದು ದಂಡಲ್ಲ, ನ್ಯಾಯಾಧಿಕರಣ. 2010ರಲ್ಲಿ ರಚಿತವಾದ ನ್ಯಾಯಾಧಿಕರಣವು ಮೂರು ರಾಜ್ಯಗಳ ವಾದಗಳನ್ನೂ ಕೇಳಿ 2018ರ ಆಗಸ್ಟ್ ತಿಂಗಳಲ್ಲಿ ತೀರ್ಪಿತ್ತು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ತೀರ್ಪಿನಿಂದ ತೃಪ್ತಿಗೊಳ್ಳದ ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. ಈ ದಾರಿ ನಿಧಾನದ್ದು. ಬಾಯಾರಿದ ಹೊಲದ ಒಡೆಯನಿಗೆ ಆ ನಿಧಾನವು ಸಹಿಸಲಾಗದಷ್ಟು ದೀರ್ಘವೆನಿಸುವುದು ಸಹಜ. ಆದರೂ 1785ರಲ್ಲಿ ವೆಂಕಟರಾವ್ ಭಾವೆಗೆ, 1858ರಲ್ಲಿ ಬಾಬಾಸಾಹೇಬನಿಗೆ ದೊರೆಯದಿದ್ದ ಒಂದು ವಸ್ತು ಇಂದಿನವರಿಗೆ ದೊರೆತಿದೆ: ದೊಡ್ಡವನ ಮಾತನ್ನೂ ಸಣ್ಣವನ ಮಾತನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಪೀಠ.

ಕೋಟೆಗಳು ಸಣ್ಣ ರಾಜ್ಯವನ್ನು ಕೆಲವು ತಿಂಗಳು ಕಾಪಾಡಬಲ್ಲವು. ಮಿತ್ರರ ವಚನಗಳು ಅವರ ಹಿತವಿರುವವರೆಗೆ ಕಾಪಾಡಬಲ್ಲವು. ಬಲಿಷ್ಠನೂ ತಲೆಬಾಗುವ ನ್ಯಾಯವೊಂದು ನೆಲೆಗೊಂಡಾಗ ಮಾತ್ರ ಸಣ್ಣವನು ನಿರ್ಭಯನಾಗಿ ಬಾಳಬಲ್ಲನು. ಅಂತಹ ನ್ಯಾಯವನ್ನು ಸಣ್ಣವರು ತಮ್ಮ ರಕ್ಷಣೆಗಾಗಿ ಬಯಸುತ್ತಾರೆ. ಇಂದು ದೊಡ್ಡವರಾಗಿರುವವರು ಕೂಡ ಅದನ್ನು ಬಯಸುವುದು ವಿವೇಕ. ಪೇಶ್ವೆಯರೂ ಕಂಪನಿಯೂ ತಮ್ಮ ತಮ್ಮ ಕಾಲದಲ್ಲಿ ಬಲಿಷ್ಠರಾಗಿದ್ದರು; ಇಂದು ಅವರಾರೂ ಇಲ್ಲ. ಎರೆಯ ನೆಲವೂ ಅದನ್ನು ಉಳುವ ಜನರೂ ಅಲ್ಲಿಯೇ ಇದ್ದಾರೆ.